ಹಿಮದ ನಾಡಿನ ಗಾಳಿ

ನಮ್ಮಣ್ಣ ಬಾಳು ಯಾವ ವಸ್ತುವನ್ನೂ ಕಣ್ಣಿನಿಂದ ನೋಡಿ ಕೊಂಡವನಲ್ಲ. ಗಡಿಗೆಯನ್ನು ಎಲ್ಲರೂ ಬಾರಿಸಿ ಕೊಳ್ಳುತ್ತಾರೆ, ಅವನು ಬದನೆಕಾಯಿಯನ್ನೂ ಬಾರಿಸುತ್ತಿದ್ದ. ನಿಪ್ಪಾಣಿ ಸಂತೆಯಲ್ಲಿ ಒಮ್ಮೆ ಚಪ್ಪಲಿ ಜೋಡಿಯನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ಬಡಿಯುತ್ತ ನಿಂತುಬಿಟ್ಟ. ಅಂಗಡಿಯವನು ತಾಳ್ಮೆಗೆಟ್ಟು, "ಅರೇ ಬಾಬಾ, ಚಪ್ಪಲ್ ಆಹೇ, ತಬಲಾ ನಾಹೀ!" ಎಂದು ಮರಾಠಿಯಲ್ಲಿ ಕೂಗಿದ. ಸುತ್ತಲಿದ್ದವರೆಲ್ಲ ನಕ್ಕರು. ಅಣ್ಣ ಮಾತ್ರ ನಗಲಿಲ್ಲ. "ಎಡಗಾಲಿಂದು ಸುರ ಬಿಟ್ಟೈತ್ರಿ, ಬ್ಯಾರೆ ತೋರಸ್ರಿ" ಎಂದ. ನಾನು ನಾಚಿಕೆಯಿಂದ ಬಳೆಯ ಅಂಗಡಿಯ ಕಡೆ ಮುಖ ತಿರುಗಿಸಿ ನಿಂತೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವ ರೂಢಿ ನನಗಿಲ್ಲ. ಆದರೆ ಅಣ್ಣ ಹೋದ ಮೇಲೆ ಒಬ್ಬರು ಹೇಳಿದ ಮಾತು ಕೇಳಿ ನನಗೆ ಬಡಿದ ಗರ ಇನ್ನೂ ಬಿಟ್ಟಿಲ್ಲ. ಅವನು ಮಾಡಿದ ಸಂಗೀತದ ಕ್ಯಾಸೆಟ್ಟನ್ನು ನಾನು ನನ್ನ ಕೈಯಾರೆ ಒಲೆಗೆ ಹಾಕಿದ್ದೇನೆ. ಅದರಲ್ಲಿ ಏನಿತ್ತು ಎಂಬುದು ಆಗ ನನಗೆ ಅರ್ಧ ಮಾತ್ರ ಗೊತ್ತಿತ್ತು. ಆ ಅರ್ಧವನ್ನೇ ಪೂರ್ತಿ ಎಂದು ತಿಳಿದೆ.

ಮನೆಯಲ್ಲಿ ನಾವು ಮೂವರೇ. ಅಪ್ಪ ನಮ್ಮ ಸಣ್ಣಂದಿನಲ್ಲೇ ತೀರಿಕೊಂಡಿದ್ದ. ಅವ್ವ ತಂಬಾಕಿನ ವಖಾರಿಯಲ್ಲಿ ಎಲೆ ಕುಟ್ಟಿ ಜರಡಿ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಆ ಪುಡಿ ಅವಳ ಎದೆಯಲ್ಲಿ ಕೂತು ದಮ್ಮಾಯಿತು. ಆಮೇಲೆ ಮನೆಯಲ್ಲೇ ಕೂತು ಬೀಡಿ ಕಟ್ಟತೊಡಗಿದಳು. ವಖಾರಿಗೆ ಅವಳ ಬದಲು ನಾನು ಹೋಗತೊಡಗಿದೆ. ಅವ್ವನ ದಮ್ಮಿಗೆ ಒಂದು ಧಾಟಿ ಇತ್ತು. ಮೊದಲು ಒಂದು ಉದ್ದನೆಯ ಎಳೆತ. ಅದರ ತುದಿಗೆ ಸಣ್ಣ ಸೀಟಿ. ಕೊನೆಕೊನೆಯ ವರ್ಷಗಳಲ್ಲಿ ಸೀಟಿಯ ಬೆನ್ನಿಗೇ ಉಸಿರು ಎರಡು ತುಂಡಾಗಿ ಹೊರಗೆ ಬೀಳತೊಡಗಿತ್ತು. ಆ ಎರಡು ತುಂಡು ಕೇಳಿದರೆ ಸಾಕು, ನಾನು ಮನೆಯ ಯಾವ ಮೂಲೆಯಲ್ಲಿದ್ದರೂ ಎದ್ದು ಹೋಗಿ ನೀರು ಕಾಯಲು ಇಡುತ್ತಿದ್ದೆ. ಅವ್ವ ಮಾತಾಡಿದರೆ ಬೈಯುತ್ತಿದ್ದೆ, ನಕ್ಕರೆ ಇನ್ನೂ ಜೋರಾಗಿ ಬೈಯುತ್ತಿದ್ದೆ. ಅವಳ ಉಸಿರಿಗೆ ನಾನೇ ಕಾವಲು ಎಂದು ತಿಳಿದಿದ್ದೆ.

ಅಣ್ಣ ಬ್ಯಾಂಜೋ ಪಾರ್ಟಿಯಲ್ಲಿ ಕ್ಯಾಸಿಯೋ ಕೀಬೋರ್ಡ್ ಬಾರಿಸುತ್ತಿದ್ದ. ನಮ್ಮ ಕಡೆ ಮದುವೆ ಮೆರವಣಿಗೆಯಾಗಲಿ ಗಣಪತಿಯಾಗಲಿ, ಒಂದು ಗಾಡಿಯ ಮೇಲೆ ಡೋಲು, ಬ್ಯಾಂಜೋ, ಕ್ಯಾಸಿಯೋ ಏರಿಸಿಕೊಂಡು ಮುಂದೆ ಹೋಗುವ ಪಾರ್ಟಿ ಅದು. ಕುಣಿಯುವವರಿಗೆ ಬೇಕಾದ್ದು ಗದ್ದಲ. ಅಣ್ಣನಿಗೆ ಬೇಕಾದ್ದು ಬೇರೆ. ಗಾಡಿ ನಿಂತು, ಎಲ್ಲರೂ ಊಟಕ್ಕೆ ಹೋದ ಮೇಲೆ ಒಬ್ಬನೇ ಕೂತು ಒಂದೇ ಒಂದು ಸ್ವರವನ್ನು ಒತ್ತಿ ಹಿಡಿದು, ಅದು ಎಲ್ಲಿ ಮುಗಿಯುತ್ತದೆ ಎಂದು ಕೇಳುತ್ತಿದ್ದ. "ಲೇ ಬಾಳ್ಯಾ, ಆ ಒಂದ ಗುಂಡಿ ಸಿಕ್ಕೊಂಡೈತೇನೋ?" ಎಂದು ಡೋಲಿನವನು ಕಾಡುತ್ತಿದ್ದ.

ಎರಡು ಸಾವಿರದ ಏಳನೆಯ ಇಸವಿ ಇರಬೇಕು. ಆಗ ಊರಿನ ಕೇಬಲ್‌ನವರೇ ತಮ್ಮದೊಂದು ಚಾನೆಲ್ ಇಟ್ಟುಕೊಂಡು ಊರ ಹಬ್ಬ, ಹುಟ್ಟುಹಬ್ಬ ಎಲ್ಲ ತೋರಿಸುತ್ತಿದ್ದರು. ಮಕ್ಕಳಿಗೆ ಪಾಠ ಹೇಳುವ ಸುಗಂಧಾ ಬಾಯೋರು ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ, ಒಂದು ಮಕ್ಕಳ ನಾಟಕ ಬರೆದರು. ಹಬ್ಬದ ಹಿಂದಿನ ನಾಲ್ಕು ರವಿವಾರ ನಾಲ್ಕು ಕಂತಾಗಿ ಟಿವಿಯಲ್ಲಿ ಬರಬೇಕು. ಕಬ್ಬಿನ ಗಾಡಿಯಲ್ಲಿ ಮಲಗಿದ ಹುಡುಗಿಯೊಬ್ಬಳು ಎಚ್ಚರಾದಾಗ ಹಿಮದ ನಾಡಿನಲ್ಲಿರುತ್ತಾಳೆ. ಅಲ್ಲಿಯ ಗಂಟೆಗಳೆಲ್ಲ ಚಳಿಗೆ ಹೆಪ್ಪುಗಟ್ಟಿ ದನಿ ಕಳೆದುಕೊಂಡಿವೆ. ಹಬ್ಬದೊಳಗೆ ಅವಳು ಆ ದನಿಯನ್ನು ಹುಡುಕಿ ತರಬೇಕು. ಇದು ಕತೆ.

ಬಾಯೋರು ನಮ್ಮ ಮನೆಗೆ ಬಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಬಾಳು, ನನಗ ಹಾಡು ಬ್ಯಾಡೋ. ಹಾಡು ಹುಡುಗ್ರು ಹಾಡತಾವ. ನನಗ ಚಳಿ ಬೇಕು. ಟಿವಿ ಮುಂದ ಕುಂತವರು ಕಂಬಳಿ ಹುಡುಕಬೇಕು, ಅಂಥಾದ್ದು ಏನರ ಮಾಡಿ ಕೊಡು."

"ಹಿಮಾ ಬಿದ್ರ ಹೆಂಗ ಸಪ್ಪಳಾಕ್ಕೈತ್ರಿ ಬಾಯೋರ?"

"ನಾ ಎಲ್ಲಿ ಕೇಳೀನೋ? ನಾ ಹುಟ್ಟಿದ್ದು ರಾಯಬಾಗದಾಗ!"

ಅಂದಿನಿಂದ ಮನೆಯಲ್ಲಿ ಒಂದು ಸಾಮಾನೂ ತನ್ನ ಜಾಗದಲ್ಲಿ ಇರಲಿಲ್ಲ. ಗೊಂಜಾಳದ ಹಿಟ್ಟನ್ನು ಚೀಲಕ್ಕೆ ತುಂಬಿ ಟೇಪ್‌ರೆಕಾರ್ಡರಿನ ಮುಂದೆ ಹಿಚುಕಿದ. ಗರಕ್ ಗರಕ್ ಎಂದು ಹಿಮದಲ್ಲಿ ಹೆಜ್ಜೆ ಬಿತ್ತು. ಎತ್ತಿನ ಕೊರಳಿನ ಗಂಟೆಗೆ ಒದ್ದೆ ಬಟ್ಟೆ ಸುತ್ತಿ ಬಡಿದ. ದನಿ ಸತ್ತ ಗಂಟೆಯಾಯಿತು. ಅವುಗಳ ಕೆಳಗೆ ಕ್ಯಾಸಿಯೋದಲ್ಲಿ ತನ್ನ ಆ ಒಂದೇ ಸ್ವರವನ್ನು ಹಾಸುತ್ತಿದ್ದ. ಹಿಡಿದದ್ದನ್ನು ತಿರುಗಿ ಹಚ್ಚುವಾಗ ಟೇಪಿಗೆ ಬೇಕೆಂದೇ ಸವೆದ ಸೆಲ್ಲು ಹಾಕುತ್ತಿದ್ದ. ಸೆಲ್ಲು ಸೋತಂತೆ ಕ್ಯಾಸೆಟ್ ನಿಧಾನ ತಿರುಗಿ, ಸಣ್ಣ ಸಪ್ಪಳವೂ ಗುಡ್ಡದಷ್ಟು ಅಗಲವಾಗುತ್ತಿತ್ತು.

"ಹಿಮಕ್ಕ ನನ್ನ ಹಿಟ್ಟ ಹಾಕ್ಯಾನ. ಇನ್ನ ದೇವದೂತ ಬರೂದಕ್ಕ ನನ್ನ ರೊಟ್ಟಿ ಬಡಿಯೂದ ಹಾಕತಾನ ನೋಡ" ಎಂದು ಅವ್ವ ನಗುತ್ತಿದ್ದಳು. "ನಗಬ್ಯಾಡ ಬೇ ಅವ್ವಾ, ದಮ್ಮ ಏರತೈತಿ" ಎಂದು ನಾನು ಗದರುತ್ತಿದ್ದೆ.

ಗಾಳಿ ಮಾತ್ರ ಸಿಗಲಿಲ್ಲ. ಕ್ಯಾಸಿಯೋದಲ್ಲಿ ಗಾಳಿಯದೇ ಒಂದು ಗುಂಡಿ ಇತ್ತು. "ಇದು ಫ್ಯಾನಿನ ಗಾಳಿ, ಇದರಾಗ ಚಳಿ ಇಲ್ಲ" ಎಂದು ಅಣ್ಣ ಅದನ್ನು ಮುಟ್ಟಲಿಲ್ಲ. ಬಾಟಲಿ ಊದಿದ, ತಗಡು ಅಲುಗಾಡಿಸಿದ. ಊಟ ಸೇರುತ್ತಿರಲಿಲ್ಲ. ನವರಾತ್ರಿ ಮುಗಿದ ಹೊತ್ತಿಗೆ ಒಂದು ಸಂಜೆ ನಾನು ವಖಾರಿಯಿಂದ ಬಂದಾಗ, "ಸಿಕ್ತು" ಎಂದ. ಎಲ್ಲಿ ಎಂದು ಕೇಳಿದೆ. ಅವನೂ ಅವ್ವನೂ ಒಬ್ಬರ ಮುಖ ಒಬ್ಬರು ನೋಡಿ, ಬೆಲ್ಲ ಕದ್ದ ಮಕ್ಕಳ ಹಾಗೆ ಬಾಯಿ ಮುಚ್ಚಿಕೊಂಡರು. ನನಗೆ ಆಗ ಕಂಡದ್ದು ಅವ್ವನ ದಣಿದ ಮುಖ ಮಾತ್ರ. "ಏನ್ ಮಾಡಸಿದಿ ಆಕೀ ಕಡಿಂದ?" ಎಂದು ಅಣ್ಣನನ್ನೇ ಬೈದೆ.

ದೀಪಾವಳಿ ಕಳೆದ ಮೇಲೆ ಅವ್ವ ತೀರಿಕೊಂಡಳು.

ನಾಟಕದ ಮೊದಲ ಕಂತು ಬಂದಾಗ ಮನೆಯಲ್ಲಿ ಇನ್ನೂ ಸೂತಕದ ಮೌನವಿತ್ತು. ಆದರೂ ಓಣಿಯ ಮಕ್ಕಳೆಲ್ಲ ಬಾಳಣ್ಣನ ನಾಟಕ ಎಂದು ನಮ್ಮ ಮನೆಗೇ ಬಂದು ಟಿವಿ ಮುಂದೆ ಕೂತರು. ಅವರ ತಾಯಂದಿರು ಬಾಗಿಲಲ್ಲಿ ನಿಂತರು. ಅಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ಹುಡುಗಿ ಕಬ್ಬಿನ ಗಾಡಿಯಲ್ಲಿ ಕಣ್ಣು ತೆರೆದಳು. ಸುತ್ತ ಹತ್ತಿ ಹರಡಿ ಮಾಡಿದ ಹಿಮ. ಆಗ ಗಾಳಿ ಬೀಸಿತು.

ಉದ್ದನೆಯ ಒಂದು ಎಳೆತ. ಅದರ ತುದಿಗೆ ಸಣ್ಣ ಸೀಟಿ. ಎರಡು ತುಂಡು.

ನನ್ನ ಕಾಲು ತಾನಾಗಿ ಒಲೆಯ ಕಡೆ ಎರಡು ಹೆಜ್ಜೆ ಇಟ್ಟಿತು, ನೀರು ಕಾಯಿಸಲು. ಆಮೇಲೆ ತಿಳಿಯಿತು. ಮಣ್ಣಿಗೆ ಕೊಟ್ಟು ಬಂದ ಅವ್ವ ಟಿವಿಯೊಳಗೆ ಉಸಿರಾಡುತ್ತಿದ್ದಳು. "ಏ, ಎಷ್ಟ ಥಂಡಿ ಗಾಳಿಲೇ!" ಎಂದು ಒಬ್ಬ ಹುಡುಗ ಖುಷಿಯಿಂದ ಮೊಣಕಾಲು ತಬ್ಬಿಕೊಂಡ.

ನಾನು ಟಿವಿ ಬಂದ್ ಮಾಡಿದೆ. ಎಲ್ಲರ ಎದುರೇ ಕೂಗಿದೆ. "ಅವ್ವನ ಸಂಕಟಾ ಹುಡುಗ್ರ ಆಟಕ್ಕ ಹಾಕಿದೇನೋ? ಆಕಿ ಉಸಿರಿಗೆ ಒದ್ದಾಡತಿದ್ರ ನೀ ಟೇಪ್ ಹಚ್ಚಿ ಕುಂತಿದ್ದೇನೋ? ಮನಷ್ಯಾ ಹೌದೋ ಅಲ್ಲೋ ನೀ?"

ಬಾಗಿಲಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. "ಶೋಬಿ, ಅವ್ವನ..." ಎಂದು ಅಣ್ಣ ಶುರು ಮಾಡಿದ. "ಅವ್ವನ ಹೆಸರ ಎತ್ತಬ್ಯಾಡ ನಿನ್ನ ಬಾಯಾಗ!" ಎಂದೆ. ಅವನು ನಿಲ್ಲಿಸಿದ. ಆ ಮಾತನ್ನು ಮುಂದೆ ಎಂದೂ ಪೂರ್ತಿ ಮಾಡಲಿಲ್ಲ.

ಮಕ್ಕಳು ಎದ್ದು ಹೋದ ಮೇಲೆ ಕ್ಯಾಸೆಟ್ ಕೇಳಿದೆ. ತಂದು ಕೊಟ್ಟ. ಅದರ ಕರಿ ಪಟ್ಟಿಯನ್ನು ಎಳೆದೆಳೆದು ಹೊರಗೆ ತೆಗೆದು ಉರಿಯುವ ಒಲೆಗೆ ತುರುಕಿದೆ. ಅವನು ತಡೆಯಲಿಲ್ಲ. ಪಟ್ಟಿ ಚಿಟಿಚಿಟಿ ಎಂದು ಮುದುಡಿಕೊಳ್ಳುವುದನ್ನು ತಲೆ ವಾಲಿಸಿ ಕೇಳುತ್ತ ಕೂತಿದ್ದ. ಆಮೇಲೆ ಒಂದೇ ಮಾತು ಹೇಳಿದ. "ಕಿಡಕಿ ತಗಿ ಶೋಬಿ. ಪ್ಲಾಸ್ಟಿಕ್ ಹೊಗಿ ಐತಿ, ನಿನಗ ಕೆಮ್ಮ ಹತ್ತತೈತಿ."

ಮರುದಿನ ಕೇಬಲ್‌ನವನ ಬಳಿ ಹೋಗಿ, ಅವನ ಕಂಪ್ಯೂಟರಿನಲ್ಲಿದ್ದ ಆ ಗಾಳಿಯನ್ನೂ ತಾನೇ ಮುಂದೆ ನಿಂತು ಅಳಿಸಿ ತೆಗೆಸಿದ. ಉಳಿದ ಮೂರು ಕಂತಿಗೆ ಕ್ಯಾಸಿಯೋದ ಗುಂಡಿ ಒತ್ತಿದ. "ಬಾಳಣ್ಣಾ, ಹಿಮದ ಊರಾಗ ಕರೆಂಟ್ ಬಂದೈತೇನೋ? ಫ್ಯಾನ್ ಹಚ್ಯಾರ" ಎಂದು ಮಕ್ಕಳು ನಕ್ಕರು. ಅವನೂ ನಕ್ಕ.

ಅದಾದ ಮೇಲೆ ಅಣ್ಣ ಗದ್ದಲ ಮಾತ್ರ ಬಾರಿಸಿದ. ಬಾಯೋರು ಅಥಣಿಯ ಕಡೆ ವರ್ಗವಾಗಿ ಹೋದರು. ಮತ್ತೆ ಯಾರೂ ಅವನನ್ನು ಚಳಿ ಕೇಳಲಿಲ್ಲ, ಹಿಮ ಕೇಳಲಿಲ್ಲ. ನನ್ನ ಮದುವೆಗೆ ಮುಂಚೆ ಸಂತೆಗೆ ಹೋದಾಗ ಒಂದು ಗಡಿಗೆ ತಂದ. ಮನೆಗೆ ಬಂದು ನೀರು ಹಾಕಿದರೆ ಸೋರಿತು. "ಬಾರಿಸಿ ನೋಡಲಿಲ್ಲೇನ?" ಎಂದೆ. "ಮರ್ತೆ" ಎಂದ. ಆಗಲೂ ಕ್ಷಮಿಸು ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ತಪ್ಪು ಅವನದೇ ಎಂಬ ಹಟ ಒಳಗೆ ಗಟ್ಟಿಯಾಗಿ ಕೂತಿತ್ತು.

ನನ್ನನ್ನು ದಿಗ್ಗೇವಾಡಿಗೆ ಕೊಟ್ಟರು. ವರ್ಷಗಳು ಹೋದವು. ಒಂದು ಬೇಸಿಗೆಯಲ್ಲಿ, ಮೆರವಣಿಗೆಯ ಗಾಡಿಯ ಮೇಲೆಯೇ ಎದೆ ಹಿಡಿದುಕೊಂಡು ಕುಸಿದ ಅಣ್ಣ ಮತ್ತೆ ಏಳಲಿಲ್ಲ.

ದುಃಖದ ಮನೆಗೆ ಮಾತಾಡಿಸಲು ಸುಗಂಧಾ ಬಾಯೋರು ಬಂದಿದ್ದರು. ತಲೆ ಪೂರ್ತಿ ನೆರೆತಿತ್ತು. ನನ್ನ ಕೈ ಹಿಡಿದುಕೊಂಡು, "ಬಾಳು ನಿಮ್ಮವ್ವನ್ನ ಕೂಡಿಸ್ಕೊಂಡು ಗಾಳಿ ಮಾಡಿದ್ದ ನೆನಪಾದ್ರ ಈಗೂ ನಗು ಬರತೈತಿ ಶೋಭಾ" ಎಂದರು.

"ಅವ್ವನ್ನ ಕೂಡಿಸ್ಕೊಂಡು?"

"ಅಯ್ಯ, ನಿನಗ ಹೇಳೇ ಇಲ್ಲೇನ? ಅವತ್ತ ಮಧ್ಯಾಹ್ನ ನಾನೂ ಇದ್ನಲ್ಲ. ಬಾಳು ಬ್ಯಾಡಂದ್ರೂ ಕೇಳಲಿಲ್ಲ ನಿಮ್ಮವ್ವ. 'ಇಷ್ಟ ವರ್ಷ ಈ ದಮ್ಮ ನನ್ನ ತಿಂದೈತಿ ಬಾಯೋರ, ಒಂದ ಸಲನರ ದುಡೀಲಿ ಬಿಡ್ರಿ' ಅಂದ್ಲು. ಟೇಪಿನ ಮುಂದ ಕುಂತು, 'ಸಣ್ಣ ಗಾಳಿ ಬೇಕೇನೋ, ಬಿರುಗಾಳಿ ಬೇಕೇನೋ ಬಾಳ್ಯಾ?' ಅಂತ ಕೇಳಿ ಕೇಳಿ ಉಸಿರ ಬಿಟ್ಲು. ನಡುನಡುವ ನಕ್ಕು ಕೆಡಸತಿದ್ಲು. ಮತ್ತ ಮೊದಲಿಂದ."

ಬಾಯೋರು ಕಣ್ಣು ಒರೆಸಿಕೊಳ್ಳುತ್ತ ಮುಂದುವರಿಸಿದರು. "'ಶೋಬಿಗೆ ಹೇಳಬ್ಯಾಡ್ರಿ' ಅಂದಿದ್ಲು. 'ಟಿವಿಯಾಗ ಬಂದಾಗ ಆಕೀನೇ ಗುರ್ತ ಹಿಡೀಲಿ. ಇಡೀ ಊರಾಗ ಆಕಿ ಒಬ್ಬಾಕಿಗೇ ಗೊತ್ತಾಕ್ಕೈತಿ.'"

ಗುರುತು ಹಿಡಿದಿದ್ದೆ. ಅವ್ವ ಹೇಳಿದ ಹಾಗೆಯೇ, ಇಡೀ ಊರಿನಲ್ಲಿ ನಾನೊಬ್ಬಳೇ ಹಿಡಿದಿದ್ದೆ.

ಮೂರನೆಯ ದಿನದ ಕಾರ್ಯ ಮುಗಿಸಿ ಕೇಬಲ್‌ನವನನ್ನು ಹುಡುಕಿಕೊಂಡು ಹೋದೆ. ಮನೆಮನೆಗೆ ಡಿಶ್ ಬಂದು ಅವನ ಕಸುಬು ನಿಂತುಹೋಗಿತ್ತು. ಮೊಬೈಲ್ ಕವರ್ ಮಾರುತ್ತಿದ್ದ. "ಬಾಳಣ್ಣನ ಗಾಳಿ? ಅವನೇ ತಗಸಿದ್ನಲ್ಲ ಅಕ್ಕಾ. ತಗಸೂ ಮುಂಚೆ ಒಂದ ಸಲ ಪೂರ್ತಿ ಹಚ್ಚು ಅಂದಿದ್ದ. ಕೇಳಿ ಎದ್ದು ಹೋದ" ಎಂದ.

ಸುಟ್ಟ ಮೇಲೆ ಸತ್ಯ ಹೇಳಿದ್ದರೆ ನಾನು ಬದುಕುತ್ತಿರಲಿಲ್ಲ ಎಂದು ಅಣ್ಣನಿಗೆ ಗೊತ್ತಿತ್ತು. ಅದಕ್ಕೇ ಮನಷ್ಯಾ ಹೌದೋ ಅಲ್ಲೋ ಎಂಬ ಮಾತನ್ನು ಹೊತ್ತುಕೊಂಡೇ ತಿರುಗಿದ.

ಕೊನೆಯ ಸಲ ಅವನು ದಿಗ್ಗೇವಾಡಿಗೆ ಬಂದದ್ದು ತೀರಿಕೊಳ್ಳುವ ಮುಂಚಿನ ಚಳಿಗಾಲದಲ್ಲಿ. ವಖಾರಿಯ ಪುಡಿ ನನ್ನ ಎದೆಗೂ ಇಳಿದಿದೆ, ಚಳಿಗೆ ಉಸಿರು ಹಿಡಿಯುತ್ತದೆ. ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ. ನೋಡಿದರೆ, ಹಿಂದಿನ ಹಾಗೆಯೇ ತಲೆ ವಾಲಿಸಿದ್ದಾನೆ. "ಏನ್ ಕೇಳಾಕತ್ತಿ?" ಎಂದೆ. "ಏನಿಲ್ಲ, ಕುಡಚಿ ಬಸ್ ಬಂತೇನ ಅಂತ" ಎಂದ. ಬಸ್ಸು ಬಂದು ನಿಂತು, ಹಾರ್ನ್ ಹಾಕಿ ಹೊರಟುಹೋಯಿತು. ಅವನು ಏಳಲೇ ಇಲ್ಲ. ನಾನು, ಕಿವಿ ಮಂದವಾಗ್ಯಾವೇನೋ ಎಂದು ನಕ್ಕುಬಿಟ್ಟಿದ್ದೆ.

ಈಗ ಚಳಿ ಬಿದ್ದ ಸಂಜೆ ಅದೇ ಕಟ್ಟೆಯ ಮೇಲೆ ಕೂತು ನನ್ನ ಉಸಿರನ್ನು ನಾನೂ ಕೇಳುತ್ತೇನೆ. ಉದ್ದನೆಯ ಎಳೆತ ಬರುತ್ತದೆ. ತುದಿಗೆ ಸಣ್ಣ ಸೀಟಿಯೂ ಬರುತ್ತದೆ. ಆ ಎರಡು ತುಂಡು ಇನ್ನೂ ಬಂದಿಲ್ಲ.