ಟೈಲರಮ್ಮನ ಖಾಲಿ ಗೂಡು

ಟೈಲರಮ್ಮನಿಗೆ ಕೋಳಿ ಸಾಕುವ ಹುಚ್ಚು ಹಿಡಿದು ಮೂರು ತಿಂಗಳಾಯಿತು, ಹಿತ್ತಿಲಲ್ಲಿ ಇನ್ನೂ ಒಂದು ರೆಕ್ಕೆಯೂ ಬಡಿದಿಲ್ಲ. ಬೆಳಗೆದ್ದರೆ ಟೇಪು ಹಿಡಿದು ಓಡುತ್ತಾಳೆ, ನಿನ್ನೆ ಅಳೆದ ಜಾಗವನ್ನೇ ಮತ್ತೆ ಅಳೆಯುತ್ತಾಳೆ. ಬಟ್ಟೆ ಹೊಲಿಸಲು ಬಂದವರ ತೋಳು ಅಳೆಯುತ್ತಲೇ, "ಬೆಕ್ಕು ಬಂದ್ರೆ ಏನ್ ಮಾಡೋದು?" ಎಂದು ಕೇಳುತ್ತಾಳೆ. ಗೂಡಿನ ಬಾಗಿಲಿಗೆ ಅವಳು ಅಭ್ಯಾಸಬಲದಿಂದ ಒಂದಿಂಚು ಹೆಚ್ಚು ಬಿಡಿಸಿದಾಗ ಬಡಗಿ ಹೊಟ್ಟೆ ಹಿಡಿದು ನಕ್ಕ: "ಅಕ್ಕಾ, ಇದು ಹಲಗೆ. ಒಗೆದ್ರೆ ಕುಗ್ಗಲ್ಲ!" ಈಗ ಗೂಡು ಸಿದ್ಧವಾಗಿದೆ, ಹುಲ್ಲು ಹಾಸಿದ್ದಾಳೆ, ಇಡದ ಮೊಟ್ಟೆಗಳನ್ನು ಅರ್ಧ ಬೀದಿಗೆ ಮಾತಲ್ಲೇ ಹಂಚಿಯೂ ಆಗಿದೆ. "ಕೋಳಿ ತರ್ತೀಯೋ ಅತ್ತಿಗೆ, ಇಲ್ಲ ನೀನೇ ಕಾವಿಗೆ ಕೂರ್ತೀಯೋ?" ಎಂದು ನಾದಿನಿ ರೇಗಿಸಿದರೆ, "ಯೋಚ್ನೆ ಮಾಡ್ಬೇಕಲ್ವೇನೇ!" ಎನ್ನುತ್ತಾಳೆ. ವಾರಕ್ಕೊಮ್ಮೆ ಇಬ್ಬರೂ ಕೋಳಿ ಮಾರುವವಳ ಹತ್ತಿರ ಹೋಗುತ್ತಾರೆ, ಬರಿಗೈಯಲ್ಲಿ ಬರುತ್ತಾರೆ. ಯಾವ ಕಾಳು ಹಾಕಬೇಕು, ಎಷ್ಟು ಮೊಟ್ಟೆ ಇಡುತ್ತವೆ ಎಂದು ಟೈಲರಮ್ಮ ಅಲ್ಲಿ ಕೇಳುವುದೇ ಇಲ್ಲ. ಕೇಳುವುದು ಒಂದೇ: "ಎಷ್ಟು ವರ್ಷ ಬದುಕ್ತವೆ?" "ಐದಾರು ವರ್ಷ ಕಣಮ್ಮ." ಅಷ್ಟಕ್ಕೇ ಅವಳ ಮುಖ ಇಳಿಯುತ್ತದೆ. ಗಂಡ ಹೋಗಿ ವರ್ಷವಾಗಿಲ್ಲ. ಇನ್ನೊಂದು ಜೀವವನ್ನು ಸಾಕಿ ಮಣ್ಣಿಗೆ ಕೊಡುವ ಧೈರ್ಯ ಅವಳಿಗಿಲ್ಲ. ಈ ವಾರವೂ ಅದನ್ನೇ ಕೇಳಿದಳು. ಮಾರುವವಳು ಒಂದು ಕೆಂಪು ಹೇಂಟೆಯನ್ನು ತಂದು ಅವಳ ಮಡಿಲಲ್ಲಿಟ್ಟಳು. ಅದು ತೋಳಿಗೆ ಒರಗಿ ಬೆಚ್ಚಗೆ ಕೂತುಬಿಟ್ಟಿತು. ಟೈಲರಮ್ಮ ಅದರ ಬೆನ್ನು ಸವರಿದಳು. ಆಮೇಲೆ, ಇಷ್ಟು ದಿನ ಅಡ್ಡ ನಿಂತವಳು ನಾದಿನಿಯೇ ಎಂಬಂತೆ ಅವಳ ಕಡೆ ತಿರುಗಿ ಗದರಿದಳು: "ಐದಾರು ವರ್ಷ ಅಂದ್ರೆ ಕಮ್ಮೀನೇನೇ? ಇನ್ನೂ ಮೂರು ಹಿಡ್ಕೊ!"