ಹಕ್ಕಲಿಗೆ ಸಿಕ್ಕ ಕೆಂಪು ಕಾರು

ಕಾರನ್ನು ಮೊರಕ್ಕೆ ಹಾಕಿ ಕೇರುವುದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಬಮ್ಮಿಗಟ್ಟಿ ಹತ್ತಿರದ ಒಂದು ಭತ್ತದ ಗದ್ದೆಯಲ್ಲಿ, ಹಾಡಹಗಲೇ. ಕೇರಿದ್ದು ನಮ್ಮದೇ ಕಾರು.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಯಜಮಾನರು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಒಂದು ಕೋಳಿಗೂ ಗಾಲಿ ತಾಗಿಸಿದವರಲ್ಲ. ಅದಕ್ಕೆಂದು ಕೊಟ್ಟ ಬೆಳ್ಳಿ ಪದಕ ನಮ್ಮ ದೇವರ ಜಗಲಿಯ ಮೇಲೆ ಗಣಪತಿಯ ಪಕ್ಕದಲ್ಲೇ ಇರುತ್ತದೆ. (ದಿನಾ ಅದಕ್ಕೂ ಒಂದು ಚಿಟಿಕೆ ಕುಂಕುಮ ಬೀಳುತ್ತದೆ.) ಇವರ ಬಸ್ಸು ಹತ್ತಿದರೆ ಅಳ್ನಾವರ ಬರುವುದರೊಳಗೆ ಎರಡು ನಿದ್ದೆ ಮುಗಿಯುತ್ತವೆ ಎಂದು ಪ್ರಯಾಣಿಕರು ಚೇಷ್ಟೆ ಮಾಡುತ್ತಿದ್ದರು.

ಅಂಥ ಮನುಷ್ಯ ನಿವೃತ್ತಿಯಾದ ಮೇಲೆ ಕೊಂಡದ್ದೇನು? ಸ್ಪೋರ್ಟ್ಸ್ ಕಾರು!

ಎರಡೇ ಸೀಟು. ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಮೈಯೆಲ್ಲ ಫೈಬರ್. ನಮ್ಮ ದೇಶದಲ್ಲೇ ಕೆಲವು ವರ್ಷ ತಯಾರಾಗಿ ನಿಂತುಹೋದ ಮಾಡೆಲ್. ಯಾರದೋ ಶೆಡ್ಡಿನಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದವಂತೆ. ಅದನ್ನು ತಂದು ಎರಡು ವರ್ಷ ಒದ್ದಾಡಿ ಎಂಜಿನ್ನಿಗೆ ಜೀವ ಕೊಟ್ಟರು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣ ಹೊಡೆಸಿದರು. ಯಾಕೆ ಇದೆಲ್ಲ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು:

“ಮೂವತ್ತೊಂದ ವರ್ಷ ಐವತ್ತ ಮಂದೀನ ಹಿಂದ ಕುಂಡ್ರಿಸಿಕೊಂಡ ಹೋಗೇನಿ. ಇನ್ನ ಬಾಜೂಕ ಒಬ್ಬಾಕಿನ್ನ ಕುಂಡ್ರಿಸಿಕೊಂಡ ಹೋಗ್ತೇನಿ.”

ಆ ಒಬ್ಬಾಕೆ ನಾನೇ. (ಇಳಿಯುವಾಗ ಮಂಡಿ ನೆಲಕ್ಕೆ ಹಚ್ಚಿ ಏಳಬೇಕು. ಪ್ರೀತಿ ಸುಮ್ಮನೆ ಬರುವುದಿಲ್ಲ.)

ಸ್ಪೋರ್ಟ್ಸ್ ಕಾರು ಬಂತು, ಸ್ಪೀಡು ಬರಲಿಲ್ಲ. ಅದರಲ್ಲೂ ನಲವತ್ತೇ. ಹಾಲಿನ ಗಾಡಿಯವರು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಗುತ್ತಿದ್ದರು. ಹೀಗೇ ಹತ್ತು ತಿಂಗಳು ತಿರುಗಾಡಿದೆವು.

ಕಬ್ಬಿನ ಹಂಗಾಮು ಶುರುವಾಗಿತ್ತು. ಕಲಘಟಗಿಯಲ್ಲಿ ನನ್ನ ತಂಗಿಯ ಮಗಳ ಕುಬುಸದ, ಅಂದರೆ ಸೀಮಂತದ, ಊಟಕ್ಕೆ ಹೊರಟಿದ್ದೆವು. ಬಮ್ಮಿಗಟ್ಟಿ ಸಮೀಪ ರಸ್ತೆ ಎಡಕ್ಕೆ ಹೊರಳುವ ಒಂದು ತಿರುವಿದೆ. ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಮೇಲೆ ಜೋರು ಹಾಡು. ನಾನು ತಲೆ ತಗ್ಗಿಸಿ ಇದೇ ಅಂಕಣದ ಒಂದು ಸಾಲನ್ನು ಮೊಬೈಲಿನಲ್ಲಿ ಬರೆಯುತ್ತಿದ್ದೆ. ಢಂ ಎಂದಿತು. ತಲೆ ಎತ್ತಿದಾಗ ಕಾರು ರಸ್ತೆ ಇಳಿದು ಕೊಯ್ದ ಗದ್ದೆಯಲ್ಲಿ ನಿಂತಿತ್ತು. ನಮ್ಮಿಬ್ಬರಿಗೂ ಏನೂ ಆಗಿರಲಿಲ್ಲ. ಕಾರಿಗೆ ಮೂಗೇ ಇರಲಿಲ್ಲ.

ತಗಡಾದರೆ ನೆಗ್ಗುತ್ತದೆ. ಫೈಬರ್ ಚೂರುಚೂರಾಗಿ ಸಿಡಿಯುತ್ತದೆ.

ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೆ? “ನಿಮಗೇನೂ ಆಗಿಲ್ಲಲ್ರಿ?” ಎಂದಲ್ಲ. “ಸಾವಕಾಶ ಹೋಗ್ರಿ ಅಂತ ಬಡಕೋತೇನಿ, ನನ್ನ ಮಾತ ಕೇಳಿದ್ರೇನು?” ಎಂದೆ.

ಯಜಮಾನರು ನನ್ನ ಮುಖ ನೋಡಿದರು.

ಟ್ರ್ಯಾಕ್ಟರಿನವನು ಇಳಿದು ಬಂದ. ಮೂವತ್ತರ ಆಸುಪಾಸಿನವನು. “ಏನ್ ಸ್ಪೀಡ್ರೀ ಕಾಕಾ ನಿಮ್ಮದು!” ಎಂದ. ಬೈಕು ನಿಲ್ಲಿಸಿದವರೂ ಅದನ್ನೇ ಅಂದರು. ಈ ವಯಸ್ಸಿಗೆ ಇಂಥ ಕಾರು ಬೇಕಿತ್ತೇ ಎಂದರು. ಕೆಂಪು ಕಾರು, ಗಿಡ್ಡ ಕಾರು, ಎರಡು ಸೀಟಿನ ಕಾರು. ಇಷ್ಟು ಸಾಕ್ಷಿ ಇರುವಾಗ ಇನ್ನೇನು ವಿಚಾರಣೆ? ಫ್ಯಾಕ್ಟರಿಯಲ್ಲಿ ಪಾಳಿ ತಪ್ಪುತ್ತದೆ ಎಂದು ಅವನು ಟ್ರ್ಯಾಕ್ಟರ್ ಹತ್ತಿ ಹೋಗಿಯೇಬಿಟ್ಟ.

ಗದ್ದೆಯಲ್ಲಿ ಆಗ ನಾಲ್ವರು ಹೆಣ್ಣುಮಕ್ಕಳಿದ್ದರು. ಹಕ್ಕಲು ಆಯುತ್ತಿದ್ದರು. ಕೊಯ್ಲು ಮುಗಿದ ಮೇಲೆ ನೆಲದಲ್ಲಿ ಉಳಿದ ತೆನೆ, ಉದುರಿದ ಕಾಳು ಇವೆಲ್ಲ ಹಕ್ಕಲು. ಅದು ಆರಿಸಿಕೊಂಡವರದ್ದು, ಹೊಲದ ಒಡೆಯ ಕೇಳುವಂತಿಲ್ಲ. ನಾಲ್ವರೂ ಓಡಿ ಬಂದರು, ನೀರು ಕೊಟ್ಟರು. ಅವರಲ್ಲಿ ಹಿರಿಯಳು ಯಲ್ಲವ್ವ, ಅರವತ್ತು ದಾಟಿದವಳು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹೇಳಿದಳು:

“ಅಕ್ಕಾರ, ನೀವು ಒಡ್ಡಿನ ಮ್ಯಾಲ ಕುಂಡ್ರಿ. ಇಲ್ಲಿ ತುಳೀಬ್ಯಾಡ್ರಿ. ತುಳದ್ರ ಚೂರು ಮಣ್ಣಾಗ ಹೋಗ್ತಾವ.”

(ನಾನು ಸಾಲಿಯ ಅಕ್ಕಾರು, ಅಂದರೆ ಶಾಲೆಯ ಟೀಚರು, ಎಂದು ಆಕೆಗೆ ಹೇಗೆ ಗೊತ್ತಾಯಿತು? ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಮುಖದ ಮೇಲಿನ ಸಾಲಿ ಇಳಿದಿಲ್ಲವೆಂದು ಕಾಣುತ್ತದೆ.)

ನಾವು ಯಾರೂ ಕೇಳಿರಲಿಲ್ಲ. ಅವರೇ ಶುರು ಮಾಡಿದರು. ನಾಲ್ವರೂ ಸಾಲಾಗಿ ನಿಂತು, ಸೊಂಟ ಬಗ್ಗಿಸಿ, ಈ ಒಡ್ಡಿನಿಂದ ಆ ಒಡ್ಡಿನ ತನಕ ಹೋದರು. ತಿರುಗಿ ಬಂದರು. ಆಮೇಲೆ ಅಡ್ಡ ಹೋದರು, ಮತ್ತೆ ಬಂದರು. ಬತ್ತಿದ ನೆಲದ ಬಿರುಕಿನಲ್ಲಿ ಬೆರಳು ಹಾಕಿದರು. ಕೂಳೆಯ ಬುಡ ಬಿಡಿಸಿ ನೋಡಿದರು. ಮಾತು ಮಾತ್ರ ಸೊಸೆಯದ್ದು, ಎಮ್ಮೆಯದ್ದು, ಸಂತೆಯದ್ದು. ಕಣ್ಣು ಒಂದು ಗೇಣು ನೆಲವನ್ನೂ ಬಿಡಲಿಲ್ಲ. ಉಡಿ ತುಂಬ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿಸಿಕೊಂಡವರನ್ನು ಕಂಡಿದ್ದೇನೆ. ಉಡಿ ತುಂಬ ಕಾರು ತುಂಬಿಕೊಂಡವರನ್ನು ಅವತ್ತೇ ಕಂಡದ್ದು.

ಕೊನೆಗೆ ಮಣ್ಣು ಸೇರಿದ್ದನ್ನೆಲ್ಲ ಮೊರಕ್ಕೆ ಹಾಕಿ ಕೇರಿದರು. ಹುಲ್ಲು ಹಾರಿತು, ಧೂಳು ಹಾರಿತು. ಉಗುರಿನಷ್ಟು ಸಣ್ಣ ಕೆಂಪು ಚೂರುಗಳು ಮೊರದಲ್ಲಿ ಉಳಿದವು. ನಾನು ಒಡ್ಡಿನ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದೆ. ನಿಜ ಹೇಳುತ್ತೇನೆ, ದೇವರ ಗುಡಿಯಲ್ಲಿ ಕೂಡ ನಾನು ಅಷ್ಟು ಹೊತ್ತು ಸುಮ್ಮನೆ ಕೂತವಳಲ್ಲ.

ಗೊಬ್ಬರದ ಚೀಲಕ್ಕೆ ತುಂಬಿ, ಭತ್ತದ ಹುಲ್ಲಿನಿಂದಲೇ ಬಾಯಿ ಕಟ್ಟಿ ಕೊಟ್ಟರು. ಏನಾದರೂ ಕೊಡಲು ಹೋದರೆ ಯಲ್ಲವ್ವ ನಕ್ಕಳು. “ಹಕ್ಕಲಕ್ಕ ಕೂಲಿ ಎಲ್ಲೈತ್ರಿ ಅಕ್ಕಾರ?”

ಮನೆಗೆ ಬಂದ ಯಜಮಾನರು ಕಾರಿನ ಕೀಲಿಕೈಯನ್ನು ನನ್ನ ಪರ್ಸಿಗೆ ಹಾಕಿ “ಸಾಕಿನ್ನ” ಎಂದರು. ಮರುದಿನ ಬೆಳಿಗ್ಗೆ ನೋಡಿದರೆ ದೇವರ ಜಗಲಿಯ ಮೇಲೆ ಪದಕ ಇರಲಿಲ್ಲ. ಟ್ರಂಕಿನ ತಳದಲ್ಲಿ, ಹಳೆಯ ಖಾಕಿ ಅಂಗಿಯ ಕೆಳಗೆ ಸಿಕ್ಕಿತು.

“ನಾನ ಜೋರ್ ಹೋಗಿದ್ನೋ ಏನೋ. ನೆನಪಾಗವಲ್ದು,” ಎಂದರು.

ಆಗ ನನಗೆ ಹೆದರಿಕೆಯಾಯಿತು. ಕಾರು ಒಡೆದದ್ದು ಒಂದು ಕಡೆ ಇರಲಿ, ಈ ಮನುಷ್ಯನಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಹೋಗಿತ್ತು. ಬಾಜಾರಕ್ಕೆ ಸ್ಕೂಟರ್ ಕೂಡ ಮುಟ್ಟಲಿಲ್ಲ, ನಡೆದೇ ಹೋದರು. ನಾನು ಸಮಾಧಾನ ಹೇಳಬೇಕಿತ್ತು. ಏನೆಂದು ಹೇಳಲಿ? ಅವತ್ತು ಮೊದಲ ಕಲ್ಲು ಎಸೆದವಳೇ ನಾನು.

ಹುಬ್ಬಳ್ಳಿಯ ಗ್ಯಾರೇಜಿನವರು ಕಾರು ನೋಡಿ ಕೈ ಚೆಲ್ಲಿದರು. ಕಂಪನಿಯೇ ಇಲ್ಲ, ಪಾರ್ಟ್ ಎಲ್ಲಿಂದ ಬರಬೇಕು? ಗುಜರಿಗೆ ಹಾಕಿ ಎಂದರು. ಕೊನೆಗೆ ಕಲಘಟಗಿಯಲ್ಲಿ ಮೌನೇಶ ಸಿಕ್ಕ. ಅಜ್ಜನ ಕಾಲದಿಂದ ಬಡಿಗತನದ ಮನೆ. ಈಗ ಫೈಬರ್ ಬಾಗಿಲು ಮಾಡುತ್ತಾನೆ. ಕಾರು ನೋಡಿ ಅವನೂ ತಲೆ ಕೆರೆದುಕೊಂಡ. ಆಮೇಲೆ ಚೀಲ ಬಿಚ್ಚಿದ. ಒಂದು ಹಿಡಿ ಎತ್ತಿ ನೋಡಿದ.

“ಯಾರ್ರೀ ಅಕ್ಕಾರ ಇದನ್ನ ಆರಿಸಿದವರು? ಅಗದಿ ಜೀರಗಿ ಹಂಗ ಹಸನ ಮಾಡ್ಯಾರಲ್ಲ!”

ಚೀಲದಲ್ಲಿ ನಮ್ಮ ಕಾರಷ್ಟೇ ಇರಲಿಲ್ಲ. ಒಂದು ಬೈಕಿನ ಇಂಡಿಕೇಟರ್, ತುಕ್ಕು ಹಿಡಿದ ಟ್ರ್ಯಾಕ್ಟರ್ ನಟ್ಟು, ಮೂರು ಬಳೆಚೂರು, ಯಾವುದೋ ಬಸ್ಸಿನ ಕನ್ನಡಿಯ ತುಂಡು. ಹಕ್ಕಲು ಆಯುವವರಿಗೆ ನನ್ನದು, ನಿನ್ನದು ಎಂಬ ಭೇದವಿಲ್ಲ. ನೆಲದ್ದಲ್ಲದ್ದನ್ನೆಲ್ಲ ಎತ್ತಿ ನಮಗೇ ಕಟ್ಟಿ ಕೊಟ್ಟಿದ್ದರು. ಆ ತಿರುವಿನಲ್ಲಿ ನಮಗಿಂತ ಮೊದಲು ಯಾರು ಯಾರು ಬಿದ್ದಿದ್ದರೋ!

ಮೌನೇಶ ಅಂಗಳದಲ್ಲಿ ಮರಳು ಹಾಸಿ, ಒಡೆದ ಹಪ್ಪಳ ಕೂಡಿಸುವವನಂತೆ ಚೂರುಗಳನ್ನು ಒಂದೊಂದಾಗಿ ಕೂಡಿಸಿದ. ಮೇಲೆ ಟೇಪು ಹಚ್ಚಿ, ಒಳಮೈಗೆ ಫೈಬರ್ ಬಟ್ಟೆ ಇಟ್ಟು ಅಂಟು ಬಳಿದ. ನಾಲ್ಕನೆಯ ದಿನಕ್ಕೆ ಕಾರಿನ ಮೂಗು ಮರಳಿನ ಮೇಲೆ ಮೂಡಿಬಂತು. ಬಲಗಡೆಯ ದೀಪದ ಹತ್ತಿರ ಅಂಗೈಯಗಲ ಜಾಗ ಮಾತ್ರ ಖಾಲಿ.

“ಈ ತುಂಡು ಬೇಕ್ರಿ. ಇಲ್ಲಿ ಹೊರಳು ಭಾಳ ಸೂಕ್ಷ್ಮ ಐತಿ. ಅಂದಾಜಿಲೆ ತುಂಬಿದ್ರ ಬಾವು ಬಂದಂಗ ಕಾಣತೈತಿ,” ಎಂದ.

ಗದ್ದೆಯಲ್ಲೇ ಉಳಿದಿರಬೇಕು ಎಂದುಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಯಜಮಾನರು ಕಿಟಕಿ ಪಕ್ಕ ಕೂತು, ಡ್ರೈವರನ ಕಡೆ ಒಮ್ಮೆಯೂ ನೋಡಲಿಲ್ಲ.

ಯಲ್ಲವ್ವ ಪಕ್ಕದ ಹೊಲದಲ್ಲಿದ್ದಳು. ಅದೇ ನಾಲ್ವರು, ಅದೇ ಸಾಲು. ಒಂದು ಚೂರು ಉಳಿದಿರಬಹುದು ಎಂದೆ. ಆಕೆ ಸೊಂಟ ನೆಟ್ಟಗೆ ಮಾಡಿ ನಿಂತಳು.

“ಇಲ್ರಿ.”

“ಒಂದ ಸಲ ನೋಡಬಹುದಲ್ಲ ಯಲ್ಲವ್ವಾ?”

“ನೋಡಾಕ ಬರತೈತ್ರಿ. ಸಿಗೂದಿಲ್ಲ. ನಾಲ್ಕ ಸಲ ಆರಿಸೀವಿ. ಈ ಹೊಲದಾಗ ಇಲ್ಲಂದ್ರ, ಬಡದಾಂವನ ಸಂಗಾಟ ಹೋಗೈತಿ. ತಂಬೂರ ಊರಿನಾಂವ ಅವ, ಫಕ್ಕೀರಪ್ಪ.”

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ್ದೇನೆ. ಇಷ್ಟು ಖಚಿತವಾಗಿ ಒಂದು ಮಗ್ಗಿಯನ್ನೂ ಹೇಳಿದ ನೆನಪಿಲ್ಲ. ಆಕೆ ಆಮೇಲೆ ಯಜಮಾನರ ಕಡೆ ತಿರುಗಿದಳು.

“ಅಣ್ಣಾರ, ನೀವೇನ ಅವತ್ತ ಜೋರ್ ಬಂದಿಲ್ಲ ಬಿಡ್ರಿ.”

ಯಜಮಾನರು ತಲೆ ಎತ್ತಿದರು. “ನಿನಗ ಹೆಂಗ ಗೊತ್ತ ಯವ್ವಾ? ನೀ ಬಗ್ಗಿ ತೆನಿ ಆರಿಸಾಕ ಹತ್ತಿದ್ದಿ.”

“ನಾ ನೋಡಿಲ್ರಿ. ಚೂರು ಹೇಳ್ತಾವ. ಭತ್ತಾ ಬಡಿಯೂಮುಂದ ಮೆತ್ತಗ ಬಡದ್ರ ಕಾಳು ಕಾಲಾಗ ಬೀಳ್ತಾವ. ಜೋರ್ ಬಡದ್ರ ಕಣಾ ದಾಟಿ ಹಾರ್ತಾವ. ನಿಮ್ಮ ಗಾಡಿದು ಎಲ್ಲಾ ಒಂದ ಕಣದಷ್ಟ ಜಾಗಾದಾಗ ಬಿದ್ದಿದ್ವು. ರಸ್ತಾದ ಮ್ಯಾಲ ಒಂದೂ ಇರ್ಲಿಲ್ಲ. ನೀವು ಮೊದಲ ಅಂಚಿಗೆ ಬಂದಿದ್ರಿ. ಅವನ ನಿಮ್ಮ ಮ್ಯಾಲ ಬಂದಾನ.”

ಇಷ್ಟು ಹೇಳಿ ಬಗ್ಗಿ ತೆನೆ ಆರಿಸತೊಡಗಿದಳು. ಅದೇನು ದೊಡ್ಡ ಮಾತೇ ಅಲ್ಲ ಎಂಬಂತೆ! ಎಷ್ಟು ಸುಗ್ಗಿ ಬಗ್ಗಿದರೆ ಒಂದು ಕಣ್ಣಿಗೆ ಈ ವಿದ್ಯೆ ಬರುತ್ತದೆ? ಆಕೆಯ ಕಾಲಿಗೆ ಬೀಳಬೇಕೆನಿಸಿತು. (ಬೀಳಲಿಲ್ಲ. ಮತ್ತೆ ಏಳುವ ಚಿಂತೆ.)

ಅಲ್ಲಿಂದ ತಂಬೂರಕ್ಕೆ ಹೋದೆವು. ಫಕ್ಕೀರಪ್ಪನ ಮನೆಯ ಮುಂದೆ ಟ್ರ್ಯಾಕ್ಟರು, ಖಾಲಿ ಟ್ರೇಲರುಗಳು ನಿಂತಿದ್ದವು. ನಮ್ಮನ್ನು ಕಂಡು ಅವನ ಮುಖ ಬಿಗಿಯಿತು. ಯಜಮಾನರು ಜಗಳಕ್ಕೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಬಸ್ಸಿನ ಸುತ್ತ ತಿರುಗಿ ಪರೀಕ್ಷೆ ಮಾಡುತ್ತಿದ್ದಂತೆ ಟ್ರೇಲರುಗಳನ್ನು ಒಂದು ಸುತ್ತು ಬಂದರು. ಎರಡನೆಯದರ ಬಲಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕೊಂಡಿಗೆ ಸಿಕ್ಕಿಕೊಂಡ ಒಣ ಕಬ್ಬಿನ ಎಲೆಗಳನ್ನು ಸರಿಸಿದರು.

ಕಬ್ಬಿಣದ ಪಟ್ಟಿಗೂ ಕೊಂಡಿಗೂ ನಡುವೆ, ಅಂಗೈಯಗಲದ ಕೆಂಪು ತುಂಡು!

ಫಕ್ಕೀರಪ್ಪ ಬಗ್ಗಿ ಅದನ್ನು ನೋಡಿದ. ಆಮೇಲೆ ನೆಲ ನೋಡಿ ಹೇಳಿದ: “ಕಾಕಾ, ಮೊದಲನೇ ಟ್ರೇಲರ್ ದಾಟಿತು ಅಂತ ನಾ ಅರಾಮಾದೆ. ಹಿಂದ ಇನ್ನೊಂದ ಐತಿ ಅನ್ನೂದ ಮರತಬಿಟ್ಟೆ. ನಿಮ್ಮದ ಸ್ಪೀಡ ನಾ ನೋಡೇ ಇಲ್ರಿ. ಕಾರ ನೋಡಿ ಹಂಗ ಅಂದೆ.”

“ಹಿಂದಿನದು ಯಾರಿಗೂ ನೆನಪ ಇರೂದಿಲ್ಲಪಾ,” ಎಂದರು ಯಜಮಾನರು. ನನ್ನ ಕಡೆ ನೋಡಿ ಹೇಳಲಿಲ್ಲ. ಆದರೂ ನನಗೇ ಬಂದು ತಾಗಿತು. ಹಿಂದಿನ ಮೂವತ್ತೊಂದು ವರ್ಷವನ್ನೆಲ್ಲ ಒಂದು ಢಂ ಸದ್ದಿಗೆ ಮರೆತವಳು ನಾನೂ ಅಲ್ಲವೆ?

ಫಕ್ಕೀರಪ್ಪನೇ ನಟ್ಟು ತಿರುಗಿಸುವ ಪಾನಾ ತಂದು ಕೊಂಡಿ ಸಡಿಲಿಸಿ, ಎರಡೂ ಕೈಯಲ್ಲಿ ತುಂಡನ್ನು ಎತ್ತಿಕೊಟ್ಟ. ಮರುದಿನ ಕಲಘಟಗಿಗೆ ತಾನಾಗಿಯೇ ಬಂದ. ಮೌನೇಶ ತುಂಡನ್ನು ಖಾಲಿ ಜಾಗಕ್ಕೆ ಇಟ್ಟು ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದು ಕೂತಿತು. ಎರಡು ದಿನ ಫಕ್ಕೀರಪ್ಪ ಅಲ್ಲೇ ಕೂತು ಉಸುಕಿನ ಕಾಗದ ಹಿಡಿದು ತಿಕ್ಕಿದ. ಬಣ್ಣ ಹೊಡೆದ ಮೇಲೆ ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ. ಒಂದು ಗೆರೆಯೂ ಕಾಣಲಿಲ್ಲ. ಭತ್ತದ ಕೂಳೆಯಲ್ಲಿ ಚೆಲ್ಲಿಹೋಗಿದ್ದ ಕಾರು!

ಮೊನ್ನೆ ಗುರುವಾರ ಅದು ಮನೆಗೆ ಬಂತು. ನಾನು ಮೊದಲು ಟ್ರಂಕು ತೆರೆದು ಪದಕವನ್ನು ಗಣಪತಿಯ ಪಕ್ಕ ಇಟ್ಟೆ, ಕುಂಕುಮ ಹಚ್ಚಿದೆ. ಆಮೇಲೆ ಪರ್ಸಿನಿಂದ ಕೀಲಿಕೈ ತೆಗೆದು ಅವರ ಮುಂದೆ ಹಿಡಿದೆ. “ತಪ್ಪಾತ್ರಿ,” ಎಂದೆ. (ಮದುವೆಯಾದಾಗಿನಿಂದ ಎಷ್ಟನೆಯ ಸಲ ಎಂದು ಕೇಳಬೇಡಿ. ಮೊದಲನೆಯದು.)

ಅವರು ಕೀಲಿಕೈ ತೆಗೆದುಕೊಂಡರು. “ಮೊದಲ ಯಲ್ಲವ್ವನ ಹೊಲಕ್ಕ ಹೋಗೂಣು,” ಎಂದರು.

ಯಲ್ಲವ್ವ ಕಾರಿನ ಮೂಗಿನ ಮೇಲೆ ಕೈಯಾಡಿಸಿ, ಬಲಗಡೆಯ ದೀಪದ ಹತ್ತಿರ ಬೆರಳು ನಿಲ್ಲಿಸಿದಳು. ಕನ್ನಡಕಕ್ಕೆ ಸಿಗದ್ದು ಆ ಬೆರಳಿಗೆ ಸಿಕ್ಕಿತ್ತು! “ಸರಿ ಕೂತೈತ್ರಿ ಅಣ್ಣಾರ,” ಎಂದು ನಕ್ಕಳು. ಉಡಿಯಲ್ಲಿದ್ದ ತೆನೆಗಳನ್ನು ಒಡ್ಡಿನ ಮೇಲಿಟ್ಟು ನನ್ನ ಸೀಟಿನಲ್ಲಿ ಕೂತೇಬಿಟ್ಟಳು. ಇರುವುದೇ ಎರಡು ಸೀಟು. ನಾನು ತೆನೆ ಕಾಯುತ್ತ ಒಡ್ಡಿನ ಮೇಲೆ ನಿಂತೆ. ಕೆಂಪು ಕಾರು ಆ ತಿರುವು ದಾಟಿ ಹೋಗಿ, ತಿರುಗಿ ಬಂತು. ಯಜಮಾನರ ಎರಡೂ ಕೈ ಸ್ಟೇರಿಂಗಿನ ಮೇಲೆ ಗಟ್ಟಿಯಾಗಿದ್ದವು. ನನ್ನ ಕಣ್ಣು ತುಂಬಿ ಬಂತು.

“ಅಂಜಿಕಿ ಬಂತೇನ ಯಲ್ಲವ್ವಾ?” ಎಂದೆ.

“ಅಂಜಿಕಿ ಎಲ್ಲೀದ್ರೀ ಅಕ್ಕಾರ! ಇದಕಿಂತ ನಮ್ಮ ಎತ್ತಿನ ಗಾಡಿನ ಜೋರ್ ಹೋಗತೈತಿ.”

ಒಂದೇ ಸುತ್ತು ಕೂತ ಯಲ್ಲವ್ವನಿಗೆ ಕಂಡ ಮನುಷ್ಯ, ಇಷ್ಟು ವರ್ಷ ಜೊತೆಗಿದ್ದ ನನಗೆ ಅವತ್ತು ಯಾಕೆ ಕಾಣಲಿಲ್ಲ? ನನಗೂ ಯಾಕೆ ಬರೀ ಕಾರಿನ ಬಣ್ಣವೇ ಕಂಡಿತು?