ಹೊಂಗೆ ಮರದಡಿಗೆ ಬಂದ ಸ್ವಾಮಿಗಳು

ಪೂಜಾವಸ್ತ್ರ ತೊಟ್ಟ ಗುರುವೊಬ್ಬರು ಬೀಡಿ ಹೊಗೆಯ ನಡುವೆ ನಿಂತು ಪ್ರಸಂಗ ಮಾಡಿದ್ದನ್ನು ನೀವು ಎಲ್ಲೂ ಕಂಡಿರಲಾರಿರಿ. ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಆ ಹೊಗೆಯಲ್ಲಿ ನನ್ನ ಪಾಲೂ ಇತ್ತು.

ಪಿರಿಯಾಪಟ್ಟಣದಿಂದ ಕಾಡಿನ ಕಡೆಗಿರುವ ನಮ್ಮೂರಿನ ಚರ್ಚಿನಲ್ಲಿ ಒಂದು ಹಳೇ ರೂಢಿ. ಭಾನುವಾರದ ಪೂಜೆಯಲ್ಲಿ ಬೈಬಲಿನ ಶುಭಸಂದೇಶದ ಓದು ಮುಗಿದು ಇನ್ನೇನು ಗುರುಗಳ ಬೋಧನೆ, ಅಂದರೆ ಪ್ರಸಂಗ, ಶುರುವಾಗಬೇಕು ಅನ್ನುವಾಗ ಗಂಡಸರು ಒಬ್ಬೊಬ್ಬರಾಗಿ ಹೊರಗೆ ಜಾರಿಕೊಂಡು ಅಂಗಳದ ಹೊಂಗೆ ಮರದ ಕೆಳಗೆ ಸೇರುತ್ತಿದ್ದೆವು. ಒಳಗೆ ಸ್ವರ್ಗದ ವಿಚಾರ, ಹೊರಗೆ ಹೊಗೆಸೊಪ್ಪಿನ ರೇಟಿನ ವಿಚಾರ. ಪ್ರಸಂಗ ಮುಗಿದು ಹೆಂಗಸರು ಎದ್ದು ನಿಲ್ಲುವ ಸದ್ದು ಕೇಳಿದೊಡನೆ ಬೀಡಿ ತುಳಿದು, ಒಳಗೆ ಬಂದು, ಏನೂ ಅರಿಯದವರಂತೆ ಕೈಮುಗಿಯುವುದು. ಬಂದುಹೋದ ಗುರುಗಳೆಲ್ಲ ಒಂದಷ್ಟು ದಿನ ಬೈದು, ಬೇಸತ್ತು ಸುಮ್ಮನಾಗಿದ್ದರು.

ಚೌರಪ್ಪ ಸ್ವಾಮಿಗಳು ಬೈಯಲಿಲ್ಲ. ನಮ್ಮೂರಿಗೆ ಬಂದ ಹೊಸದರಲ್ಲೇ ಒಂದು ಭಾನುವಾರ ಶುಭಸಂದೇಶ ಓದಿ, ಪುಸ್ತಕಕ್ಕೆ ಮುತ್ತಿಟ್ಟು, ಮೆಟ್ಟಿಲಿಳಿದು ನಮ್ಮ ಹಿಂದೆಯೇ ಹೊರಗೆ ಬಂದುಬಿಟ್ಟರು. ಕುಳ್ಳನೆಯ ಆಳು, ದಪ್ಪ ಹುಬ್ಬು, ಉದ್ದನೆಯ ಹಸಿರು ವಸ್ತ್ರ ನೆಲಕ್ಕೆ ತಾಗದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದರು. ಬೀಡಿಗಳೆಲ್ಲ ಬೆನ್ನ ಹಿಂದೆ ಹೋದವು.

"ಸೇದ್ರಪ್ಪ, ನಾನೇನು ಕಿತ್ಕೊಳಕ್ಕೆ ಬರ್ನಿಲ್ಲ. ಕುರಿ ಎಲ್ಲಿದ್ದಾವೋ ಕಾಯೋನೂ ಅಲ್ಲೇ ಇರ್ಬೇಕಲ್ವಾ" ಎಂದು ಮರಕ್ಕೆ ಒರಗಿ ಪ್ರಸಂಗ ಶುರು ಮಾಡಿದರು. ಅಂದಿನಿಂದ ಅದೇ ಕ್ರಮವಾಯಿತು. ಒಳಗಿದ್ದ ಹೆಂಗಸರು ಕಿಟಕಿಗಳನ್ನು ತೆರೆದಿಟ್ಟು ಕೇಳಬೇಕಾಯಿತು. ನನ್ನ ಹೆಂಡತಿ ತೆರೇಸಾಗಂತೂ ಇದು ಸರಿಬರಲಿಲ್ಲ. ಮರ್ಯಾದೆಯಿಂದ ಕೂತವರಿಗೆ ಗೋಡೆ, ಕದ್ದು ಓಡಿದವರಿಗೆ ಗುರುಗಳೇ ಎಂದು ಆಡಿಕೊಂಡಳು.

ಸ್ವಾಮಿಗಳು ಸಾಲಿಗ್ರಾಮದ ಕಡೆಯವರು, ಬೇಸಾಯದ ಮನೆತನ. ದೊಡ್ಡ ಮಾತುಗಳೆಂದರೆ ಅವರಿಗೆ ಅಲರ್ಜಿ. ಭರವಸೆ ಅಂದರೇನು ಎಂದು ಒಮ್ಮೆ ಹೇಳಿದ್ದು ಹೀಗೆ: "ಗಂಡ ಅಕ್ಕಿ ತರಕ್ಕೆ ಇನ್ನೂ ಅಂಗಡಿ ದಾರಿಲಿರ್ತಾನೆ. ಹೆಂಡ್ತಿ ಆಗ್ಲೇ ಒಲೆ ಮೇಲೆ ಎಸ್ರಿಡ್ತಾಳೆ. ಅದು ಕಣ್ರಪ್ಪ ಭರವಸೆ." ಪಾವಿತ್ರ್ಯದ ಬಗ್ಗೆಯೂ ಅಷ್ಟೇ. "ಚರ್ಚಲ್ಲಿ ಎಲ್ರೂ ಸಂತರೇ. ತಾಲ್ಲೂಕಾಪೀಸಲ್ಲಿ, ಪಂಚಾಯ್ತಿ ಮೀಟಿಂಗಲ್ಲಿ ಎಂಗಿರ್ತೀರಿ, ಅದನ್ನ ನೋಡ್ತಾನೆ ದೇವ್ರು" ಎನ್ನುವರು. ನಾವು ತಲೆದೂಗುತ್ತಿದ್ದೆವು. ತಲೆದೂಗುವುದಕ್ಕೆ ಖರ್ಚೇನು?

ಆ ಮಾತು ನನ್ನ ಕೊರಳಿಗೇ ಬಂದದ್ದು ಆಮೇಲೆ. ನಾನು ಪಂಚಾಯಿತಿ ಚುನಾವಣೆಗೆ ನಿಂತೆ. ಪ್ರಸಂಗದಲ್ಲಿ ನನ್ನ ಹೆಸರು ಒಂದು ಸಲ ಎತ್ತಿ ಎಂದು ಸ್ವಾಮಿಗಳನ್ನು ಕೇಳಿಕೊಂಡೆ. ದೇವರಿಗೆ ಪಾರ್ಟಿ ಕಟ್ಟುವ ಕೆಲಸ ತಮ್ಮದಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದರು. ಆದರೂ ನಮ್ಮ ಚರ್ಚ್ ಬೀದಿಯ ಓಟೆಲ್ಲ ಬಿದ್ದು ಗೆದ್ದೆ, ಅಧ್ಯಕ್ಷನೂ ಆದೆ.

ಬೇಸಿಗೆ ಬಂತು. ಪಂಚಾಯಿತಿಗೆ ಒಂದೇ ಒಂದು ಬೋರ್‌ವೆಲ್ ಮಂಜೂರಾಯಿತು. ನಮ್ಮ ಬೀದಿಯ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಕಾಡಂಚಿನ ಗಿರಿಜನರ ಹಾಡಿಯಲ್ಲಿ ನಲ್ಲಿಯೇ ಇರಲಿಲ್ಲ. ಹಳ್ಳ ಬತ್ತಿ, ಅಲ್ಲಿಯ ಹೆಂಗಸರು ಆನೆ ಇಳಿಯುವ ಕೆರೆಯಿಂದ ನೀರು ಹೊರುತ್ತಿದ್ದರು. ಜಾಗ ಯಾವುದೆಂದು ಅಧ್ಯಕ್ಷನೇ ಹೇಳಲಿ ಎಂದು ಸದಸ್ಯರು ಕೈತೊಳೆದುಕೊಂಡರು. ನಮ್ಮ ದೊಡ್ಡಪ್ಪ ಇನ್ನಾಸಪ್ಪ, ಬೀದಿಗೆಲ್ಲ ಹಿರಿಯರು, ಮನೆಗೇ ಬಂದರು. "ನಿನ್ನ ಗೆಲ್ಸಿದ್ದು ನಾವು ಕಣ್ಲಾ, ಕಾಡಲ್ಲ" ಅಂದರು.

ಶನಿವಾರ ಸಂಜೆ ಗುರುಮನೆಯ ಜಗುಲಿಯಲ್ಲಿ ಕೂತು ಎರಡೂ ಕಡೆಯ ಕಷ್ಟ ತೋಡಿಕೊಂಡೆ. ಏನೂ ತೋಚುತ್ತಿಲ್ಲ ಎಂದೆ. ಪ್ರಾರ್ಥನೆ ಮಾಡುತ್ತೇನೆ ಅಂದರು, ಅಷ್ಟೇ.

ಮರುದಿನ ಮರದ ಕೆಳಗೆ ಪ್ರಸಂಗದ ಕೊನೆಗೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ನಮ್ ಜೋಜಪ್ಪ ಹಾಡಿ ಜನಕ್ಕೆ ನೀರು ಕೊಡೋ ಮನಸ್ಸು ಮಾಡವ್ನೆ. ಅವನ ಬೆನ್ನಿಗೆ ನಾವು ನಿಲ್ಬೇಕು. ದೇವ್ರಿಗೆ ಸ್ತೋತ್ರ."

ನನಗೆ ಭೂಮಿ ಬಾಯಿಬಿಟ್ಟಂತಾಯಿತು. ಅಂಥ ಮಾತನ್ನು ನಾನು ಆಡಿಯೇ ಇರಲಿಲ್ಲ. ಇಲ್ಲ ಎಂದರೆ ಪೂಜೆಯ ನಡುವೆ ಗುರುವನ್ನು ಸುಳ್ಳುಗಾರ ಮಾಡಿದಂತೆ, ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಸುಮ್ಮನಿದ್ದೆ. ದೊಡ್ಡಪ್ಪ ಮತ್ತೆ ಒಳಗೆ ಬರಲಿಲ್ಲ, ಹೆಗಲ ಮೇಲಿನ ಟವೆಲ್ ಕೊಡವಿ ಮನೆಗೆ ನಡೆದರು.

ಎರಡು ದಿನ ಒದ್ದಾಡಿದೆ. ಮಂಗಳವಾರದ ಸಭೆಯಲ್ಲಿ ಎಲ್ಲರೂ ನನ್ನ ಮುಖ ನೋಡಿದಾಗ ಹಾಡಿ ಎಂದೆ. ಅಲ್ಲಿ ಸಿಹಿನೀರು ಬಂತು. ನಮ್ಮ ಬೀದಿಯಲ್ಲಿ ನನಗೆ ಮಾತು ನಿಂತಿತು. ಮದುವೆ ಮನೆಯಲ್ಲಿ ನನ್ನ ಪಕ್ಕದ ಎಲೆ ಖಾಲಿ ಇರುತ್ತಿತ್ತು. ಮುಂದಿನ ಚುನಾವಣೆಯಲ್ಲಿ ಹಾಡಿಯವರು ಪೂರಾ ಓಟು ಹಾಕಿದರೂ ಬೀದಿಯವರು ಕೈಬಿಟ್ಟು ಸೋತೆ. ಸ್ವಾಮಿಗಳ ಮೇಲೆ ನನಗೆ ಸಿಟ್ಟಿತ್ತು. ವಯಸ್ಸಾದವರು, ಏನೋ ತಪ್ಪು ತಿಳಿದುಕೊಂಡು ನನ್ನನ್ನು ಬಲಿ ಕೊಟ್ಟರು ಎಂದುಕೊಂಡಿದ್ದೆ. ಆ ಸಿಟ್ಟಿನಲ್ಲಿ ಕೇಳಲೂ ಹೋಗಲಿಲ್ಲ, ಕೇಳೋಣ ಅನ್ನಿಸುವಷ್ಟರಲ್ಲಿ ಅವರಿಗೆ ಎಚ್.ಡಿ. ಕೋಟೆ ಕಡೆಗೆ ವರ್ಗವಾಗಿತ್ತು. ಸಿಟ್ಟು ಇಳಿದ ಮೇಲೆ ಮಾತ್ರ ಅವರಿಲ್ಲದ ಭಾನುವಾರಗಳು ಬಿಕೋ ಎಂದವು.

ಹೋದ ವರ್ಷ ಮೈಸೂರಿನಲ್ಲಿ, ವಯಸ್ಸಾದ ಗುರುಗಳಿರುವ ಮನೆಯಲ್ಲಿ ಅವರನ್ನು ಕಂಡೆ. ಮೈ ಅರ್ಧಕ್ಕರ್ಧ ಇಳಿದಿತ್ತು, ಹುಬ್ಬು ಪೂರಾ ಬೆಳ್ಳಗಾಗಿತ್ತು. ಹಾಡಿಯ ನೀರು ಇನ್ನೂ ಬರುತ್ತಿದೆಯೇ ಎಂದು ಮೊದಲು ಅವರೇ ಕೇಳಿದರು. ಬರುತ್ತಿದೆ ಎಂದು ಹೇಳಿ, ಎದೆಯಲ್ಲಿದ್ದುದನ್ನು ನಾನೂ ಕೇಳಿಬಿಟ್ಟೆ. ಅವತ್ತು ನೀವು ತಪ್ಪು ತಿಳಿದುಕೊಂಡಿರಾ?

"ತಪ್ಪು ತಿಳ್ಕಂಡಿದ್ದಲ್ಲ ಕಣಪ್ಪ. ಪೂಜೆಬಟ್ಟೆ ಹಾಕ್ಕೊಂಡು ಬೇಕಂತ್ಲೇ ಸುಳ್ಳೇಳ್ದೆ. ನೀನು ಕೈ ಬುಡಾಕಿಲ್ಲ ಅಂತ ನಂಬಿದ್ದೆ. ಆದ್ರೂ ಮಂಗಳವಾರದ ಗಂಟ ಎದೆ ನಡುಗ್ತಿತ್ತು." ಸಭೆಯ ಸುದ್ದಿ ತಿಳಿದ ಮರುದಿನವೇ ಬಸ್ ಹತ್ತಿ ಹುಣಸೂರಿಗೆ ಹೋಗಿ, ಅಲ್ಲಿದ್ದ ಗುರುಗಳ ಬಳಿ ಪಾಪನಿವೇದನೆ ಮಾಡಿಕೊಂಡರಂತೆ.

ಆ ಗುರುಗಳು ಏನು ಪ್ರಾಯಶ್ಚಿತ್ತ ಕೊಟ್ಟರು ಎಂದು ಕೇಳಿದೆ.

"ಜೋಜಪ್ಪನ ಹತ್ರ ಹೋಗಿ ಕ್ಷಮೆ ಕೇಳು ಅಂದ್ರು. ನಿನ್ ಜೊತೆ ಬೀದಿ ಮಾತು ಬುಟ್ಟಿದ್ದು ನೋಡಿ, ನಿನ್ ಮುಂದೆ ನಿಲ್ಲಕ್ಕೆ ನಂಗೆ ಧೈರ್ಯ ಬರ್ನಿಲ್ಲ." ಕಷ್ಟಪಟ್ಟು ಎರಡೂ ಕೈ ಎತ್ತಿ ನನ್ನ ಮುಂದೆ ಜೋಡಿಸಿದರು. "ಈಗ ಕೇಳ್ತಿವ್ನಿ. ನೀನು ಬಾಯಿಬುಟ್ಟು ಯೋಳ್ಬೇಕು, ಇಲ್ದಿದ್ರೆ ಪ್ರಾಯಶ್ಚಿತ್ತ ತೀರಕಿಲ್ಲ."

ಆ ಕೈಗಳನ್ನು ಹಿಡಿದುಕೊಂಡು, "ಕ್ಷಮಿಸಿವ್ನಿ ಸ್ವಾಮಿ" ಎಂದೆ. ಅವರು ನಿಧಾನವಾಗಿ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡು ದಿಂಬಿಗೆ ಒರಗಿದರು. ಮತ್ತೆ ನಾನು ಅವರನ್ನು ನೋಡಿದ್ದು ಶವಪೆಟ್ಟಿಗೆಯಲ್ಲಿ.